ಯಾರ ತಲೆ ಮೇಲೆ ಕೂತಿದೆ?

(ವಿಜಯಪುರದಲ್ಲಿ ಗಣಿತ ಶಿಕ್ಷಕರು, ಪಾಲಕರು ಮತ್ತು ಒಂದಷ್ಟು ಮಕ್ಕಳ ಎದುರು ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಬೋರ್ಡಿನ ಮೇಲೆ ಬರೆದದ್ದನ್ನು ಸಾಲಿನೊಳಗೇ ತಂದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ವಾರ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗಳು ಏಳನೇ ಕ್ಲಾಸು. "ಸರ್, ಘಾತಾಂಕದ ನಿಯಮ ಒಂದೂ ಬಿಡದಂಗ ಬಾಯಿಪಾಠ ಹೇಳ್ತಾಳ್ರಿ. ಲೆಕ್ಕಾ ಕೊಟ್ರ ಎಲ್ಲಾ ತಪ್ಪು" ಅಂದರು. ಫೋನನ್ನು ಮಗಳ ಕೈಗೆ ಕೊಡಿ ಅಂದೆ. ನಿಯಮ ಹೇಳವ್ವಾ ಅಂದೆ. ಒಂದೇ ಉಸಿರಿಗೆ ಹೇಳಿದಳು: "ಆಧಾರ ಒಂದೇ ಇದ್ದಾಗ ಘಾತಾಂಕಗಳನ್ನು ಕೂಡಿಸಬೇಕು." ಹಾಗಾದರೆ ಯ² + ಯ³ ಎಷ್ಟು? (ಯ ಅನ್ನುವುದು ಗೊತ್ತಿಲ್ಲದ ಒಂದು ಸಂಖ್ಯೆ, ಅದೇ ಆಧಾರ. ತಲೆ ಮೇಲಿನ ಸಣ್ಣ ಅಂಕಿ ಘಾತಾಂಕ.) ತಡಮಾಡಲೇ ಇಲ್ಲ. "ಯ⁵ ರಿ."

ಶಿಕ್ಷಕರು ನಗುತ್ತಿದ್ದೀರಿ. ನಾನೂ ನಕ್ಕೆ. ಆಮೇಲೆ ಕೂತು ಯೋಚಿಸಿದೆ. ಆ ಹುಡುಗಿ ಹೇಳಿದ ಹಾಗೆ ಕೇಳಿದ್ದಾಳೆ. ಆಧಾರ ಒಂದೇ ಇತ್ತು. ಕೂಡಿಸು ಅಂದಿದ್ದರು, ಕೂಡಿಸಿದಳು. "ಗುಣಿಸುವಾಗ" ಅನ್ನುವ ಒಂದು ಮಾತು ಬಾಯಿಪಾಠದ ರಭಸದಲ್ಲಿ ಎಲ್ಲೋ ಉದುರಿಹೋಗಿದೆ. ಉದುರಿದ್ದು ಅವಳಿಗೆ ಗೊತ್ತೇ ಆಗಿಲ್ಲ. ಯಾಕೆಂದರೆ ನಿಯಮದ ಹಿಂದೆ ಅವಳ ಕಣ್ಣಿಗೆ ಏನೂ ಕಾಣುತ್ತಿಲ್ಲ. ಇವತ್ತು ನನ್ನ ಮಾತೆಲ್ಲ ಇಷ್ಟಕ್ಕೇ. ಅವಳಿಗೆ ಏನಾದರೂ ಕಾಣುವ ಹಾಗೆ ಮಾಡುವುದು ಹೇಗೆ?

ಅದಕ್ಕೆ ಮೊದಲು ಒಂದು ಸಣ್ಣ ವಿಷಯ. ನಾನು ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರ ಬರೆಯುತ್ತಿಲ್ಲ. ಗೊತ್ತಿಲ್ಲದ ಸಂಖ್ಯೆಗೆ ಯ, ಕ ಅಂತ ಬರೆಯುತ್ತೇನೆ. ಇದು ಹಠ ಅಲ್ಲ, ಹಳೇ ರೂಢಿ. ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ತಾವತ್' ಅನ್ನುತ್ತಿದ್ದರು. ಎಷ್ಟೋ ಅಷ್ಟು ಅಂತ ಅರ್ಥ. ಬರೆಯುವಾಗ ಬರೀ 'ಯಾ'. ಎರಡನೆಯದು ಬೇಕಾದರೆ ಕಾಲಕ, ಅಂದರೆ ಕಪ್ಪು. ಅದಕ್ಕೆ 'ಕಾ'. ಮೂರನೆಯದು ನೀಲಕ. ಬಣ್ಣದ ಹೆಸರುಗಳು. ವರ್ಗ ಮಾಡಿದರೆ ಪಕ್ಕದಲ್ಲಿ 'ವ' ಹಾಕುತ್ತಿದ್ದರು, ಘನ ಮಾಡಿದರೆ 'ಘ'. ಹಾಗಾಗಿ ನಾವು ಇವತ್ತು ಯ² ಅಂತ ಬರೆಯುವುದು ಅವರ ಬರಹದಲ್ಲಿ 'ಯಾವ' ಆಗುತ್ತಿತ್ತು. ಕನ್ನಡದಲ್ಲಿ ಓದಿದರೆ ಅದೇ ಒಂದು ಪ್ರಶ್ನೆ!

ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ತಮ್ಮ ಊರು ವಿಜ್ಜಡವಿಡ ಅಂತ ಬರೆದುಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಅಂತ ಕೆಲವರು, ಅಲ್ಲ, ಮಹಾರಾಷ್ಟ್ರದ ಕಡೆ ಅಂತ ಇನ್ನು ಕೆಲವರು. ಈ ಜಗಳ ಇವತ್ತು ಬೇಡ. ಅವರ ಪುಸ್ತಕ ಎರಡೂ ಕಡೆಯವರಿಗೆ ಸೇರಿದ್ದು.

ಈಗ ಕಾಗದ. ಎಲ್ಲರ ಕೈಯಲ್ಲೂ ಹಳೇ ಪೇಪರಿನ ಒಂದೊಂದು ಹಾಳೆ ಇದೆ. ಅರ್ಧಕ್ಕೆ ಮಡಚಿ. ಎಷ್ಟು ಪದರ? ಎರಡು. ಇನ್ನೊಮ್ಮೆ. ನಾಲ್ಕು. ಮೂರನೇ ಸಲ, ಎಂಟು. ನೋಡಿ, ಆರು ಅಲ್ಲ. 2³ ಅಂದರೆ ಆರು ಅಂತ ಬರೆಯುವ ಮಗುವಿನ ಕೈಯಲ್ಲಿ ಈ ಕಾಗದ ಕೊಟ್ಟರೆ ಸಾಕು, ಬೆರಳಲ್ಲೇ ಎಣಿಸಿ ಎಂಟು ಅನ್ನುತ್ತೆ. ಮಡಚಿದ್ದು ಮೂರು ಸಲ. ಆ ಮೂರನ್ನು ಎರಡರ ತಲೆ ಮೇಲೆ ಸಣ್ಣದಾಗಿ ಬರೆದಿದ್ದೇವೆ. ಆ ಸಣ್ಣ ಅಂಕಿ ಒಂದು ಎಣಿಕೆ. ಎಷ್ಟು ಎರಡುಗಳು ಗುಣಾಕಾರದಲ್ಲಿ ಸಾಲಾಗಿ ನಿಂತಿವೆ ಅನ್ನುವ ಎಣಿಕೆ. ಅದರಾಚೆಗೆ ಅದಕ್ಕೆ ಬೇರೆ ಕೆಲಸ ಇಲ್ಲ.

ಇಲ್ಲಿ ನಮ್ಮ ಕನ್ನಡವೂ ಸ್ವಲ್ಪ ಕೈಕೊಡುತ್ತೆ. "ಎರಡನ್ನು ಮೂರು ಸಲ ಗುಣಿಸು" ಅಂತ ಹೇಳುತ್ತೇವೆ. ಮಗು ಏನು ಕೇಳಿಸಿಕೊಳ್ಳುತ್ತೆ? ಎರಡು, ಮೂರು, ಗುಣಿಸು. ಆರು! ಅದರ ತಪ್ಪೇನು? "ಮೂರು ಎರಡುಗಳನ್ನು ಒಂದಕ್ಕೊಂದು ಗುಣಿಸು" ಅನ್ನಿ. ಮಾತು ಸ್ವಲ್ಪ ಉದ್ದ, ಆದರೆ ಪೆಟ್ಟು ತಪ್ಪುತ್ತೆ.

ಇನ್ನೊಂದು. ಮೊದಲ ಉದಾಹರಣೆಗೆ 2² ತೆಗೆದುಕೊಳ್ಳಬೇಡಿ. ನಾವೆಲ್ಲ ಅದನ್ನೇ ತೆಗೆದುಕೊಳ್ಳುತ್ತೇವೆ, ನಾನೂ ವರ್ಷಗಟ್ಟಲೆ ತೆಗೆದುಕೊಂಡೆ. ಎರಡು ಕೂಡಿಸು ಎರಡು ನಾಲ್ಕು, ಎರಡು ಗುಣಿಸು ಎರಡು ನಾಲ್ಕು, ಎರಡರ ವರ್ಗವೂ ನಾಲ್ಕು. ಏನೇ ತಪ್ಪು ತಿಳಿದುಕೊಂಡಿದ್ದರೂ ಉತ್ತರ ಸರಿ ಬರುತ್ತೆ. ಮಗು ಖುಷಿ, ಮಾಸ್ತರೂ ಖುಷಿ. ತಪ್ಪು ಹೊರಗೆ ಬರುವುದು ಪರೀಕ್ಷೆಯಲ್ಲಿ.

ಕಾಗದ ಇನ್ನೂ ಕೈಯಲ್ಲೇ ಇರಲಿ. ಮೂರು ಸಲ ಮಡಚಿದ್ದೀರಿ, ಎಂಟು ಪದರ. ಇನ್ನು ನಾಲ್ಕು ಸಲ ಮಡಚಿ ನೋಡೋಣ. ಆಗ್ತಿಲ್ಲ ಅಲ್ವಾ? ಆರಕ್ಕೇ ಬೆರಳು ನೋಯುತ್ತೆ, ಏಳಕ್ಕೆ ಕಲ್ಲಾಗಿಬಿಡುತ್ತೆ. ಏಳು ಆಯಿತು ಅಂತಲೇ ಇಟ್ಟುಕೊಳ್ಳಿ. ಎಷ್ಟು ಪದರ? ಮೊದಲ ಎಂಟೂ ಹದಿನಾರು ಪಟ್ಟಾಯಿತು: 128. ಒಟ್ಟು ಎಷ್ಟು ಸಲ ಮಡಚಿದಿರಿ? ಮೂರು ಮತ್ತು ನಾಲ್ಕು, ಏಳು. ಪದರ ಗುಣಿಸಿಕೊಂಡು ಹೋದವು, ಮಡಚಿದ ಎಣಿಕೆ ಕೂಡಿಕೊಂಡು ಹೋಯಿತು. 2³ × 2⁴ = 2⁷. ನಿಯಮ ನಾನು ಹೇಳಲಿಲ್ಲ. ನಿಮ್ಮ ಬೆರಳು ಹೇಳಿತು.

ಏಳಕ್ಕಿಂತ ಹೆಚ್ಚು ಯಾರೂ ಮಡಚಲಾರರು ಅಂತ ಒಂದು ಮಾತಿದೆ. ಅದು ಸುಳ್ಳು. 2002ರಲ್ಲಿ ಬ್ರಿಟ್ನಿ ಗ್ಯಾಲಿವನ್ ಅನ್ನುವ ಅಮೆರಿಕದ ಹೈಸ್ಕೂಲ್ ಹುಡುಗಿ ಒಂದು ಕಿಲೋಮೀಟರಿಗಿಂತ ಉದ್ದದ ತೆಳು ಕಾಗದದ ಸುರುಳಿಯನ್ನು ಹನ್ನೆರಡು ಸಲ ಮಡಚಿ ತೋರಿಸಿದಳು. 4096 ಪದರ. ಅಷ್ಟುದ್ದದ ಕಾಗದ ನನ್ನ ಹತ್ತಿರ ಇಲ್ಲ, ನಿಮಗೆ ಏಳೇ ಸಾಕು.

ಈಗ ಬಿಚ್ಚಿ. ಒಂದೊಂದೇ ಮಡಿಕೆ. ಒಂದು ಬಿಚ್ಚಿದರೆ ಪದರ ಅರ್ಧ. 128, 64, 32, 16, 8, 4, 2. ಕೊನೆಯದನ್ನೂ ಬಿಚ್ಚಿ. ಮಡಿಕೆ ಸೊನ್ನೆ. ಪದರ? ಒಂದು. ಕಾಗದ ಎಲ್ಲೂ ಹೋಗಿಲ್ಲ, ಕೈಯಲ್ಲೇ ಇದೆ. 2⁰ = 1 ಇದೇ. ನಾನು ಓದುವಾಗ ಇದನ್ನು "ಯಾವುದೇ ಸಂಖ್ಯೆಯ ಘಾತ ಸೊನ್ನೆಯಾದರೆ ಬೆಲೆ ಒಂದು, ಬರ್ಕೊಳ್ರಿ" ಅಂತ ಹೇಳಿ ಮುಂದೆ ಹೋದರು. "ಯಾಕ್ರಿ ಸರ್, ಸೊನ್ನಿ ಯಾಕಲ್ಲ?" ಅಂತ ಕೇಳಿದ್ದಕ್ಕೆ ಬೆಂಚಿನ ಮೇಲೆ ನಿಂತೆ. ನಲವತ್ತು ನಿಮಿಷ. ಆ ಪೀರಿಯಡ್ಡಿನ ಬಿಟ್ಟ ಜಾಗವನ್ನು ನಾನೇ ಮಾಸ್ತರನಾದ ಮೇಲೆ ತುಂಬಿಕೊಂಡೆ.

ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಸಂಖ್ಯಾಸ್ಥಾನಗಳ ಹೆಸರಿನ ಪಟ್ಟಿ ಇದೆ. ಏಕ, ದಶ, ಶತ, ಸಹಸ್ರ, ಅಯುತ, ಲಕ್ಷ, ಪ್ರಯುತ, ಕೋಟಿ. ಹೀಗೇ ಪರಾರ್ಧದವರೆಗೆ ಹದಿನೆಂಟು ಹೆಸರು, ಒಂದೊಂದೂ ಹಿಂದಿನದರ ಹತ್ತು ಪಟ್ಟು. ಪರಾರ್ಧ ಅಂದರೆ ಎಷ್ಟು ಸೊನ್ನೆ? ಹದಿನೆಂಟನೇ ಹೆಸರು, ಆದರೆ ಸೊನ್ನೆ ಹದಿನೇಳು. ಯಾಕೆ ಒಂದು ಕಡಿಮೆ? ಪಟ್ಟಿ ಶುರುವಾಗುವುದು ಏಕದಿಂದ. ಏಕಕ್ಕೆ ಸೊನ್ನೆಯೇ ಇಲ್ಲ. 10⁰. ಅದೂ ಒಂದೇ. ಏಕ, ದಶ ಅಂತ ಅಜ್ಜಂದಿರು ಬಾಯಿಪಾಠ ಹೇಳುತ್ತಿದ್ದರಲ್ಲ, ಆ ಪಟ್ಟಿಯ ಮೊದಲ ಮೆಟ್ಟಿಲಲ್ಲೇ ಈ ಸೊನ್ನೆ ಘಾತ ಕೂತಿತ್ತು.

ಕಾಗದ ಇನ್ನೊಂದು ಸಂಗತಿ ಹೇಳುತ್ತೆ. ಮೂರು ಸಲ ಮಡಚಿದಾಗ ಪದರ ಎಂಟು. ಆದರೆ ಮೇಲಿಂದ ಕಾಣುವ ಮುಖ? ಹಾಳೆಯ ಎಂಟನೇ ಒಂದು ಭಾಗ. ಅದು 2⁻³. ಋಣ ಘಾತ ಅಂದ ಕೂಡಲೇ ಮಕ್ಕಳು ಉತ್ತರವೂ ಋಣ ಅಂದುಕೊಳ್ಳುತ್ತಾರೆ. ಕಾಗದ ಋಣ ಆಗುತ್ತಾ? ಚಿಕ್ಕದಾಗುತ್ತೆ ಅಷ್ಟೇ. ಪದರ ಎಂಟು, ಒಂದೊಂದು ಎಂಟನೇ ಒಂದು ಭಾಗ, ಎರಡನ್ನೂ ಗುಣಿಸಿ. ಇಡೀ ಒಂದು ಹಾಳೆ. 2³ × 2⁻³ = 2⁰ = 1. ಇಷ್ಟೆಲ್ಲ ಒಂದು ಹಳೇ ಪೇಪರಿನಲ್ಲಿ ಇದೆ.

ಈಗ ಒಂದು ಸ್ವಲ್ಪ ಇತಿಹಾಸ. ಮಕ್ಕಳು ಇದರಲ್ಲಿ ಎಡವಿದರೆ ದಡ್ಡರು ಅಂದುಕೊಳ್ಳುವ ಪಾಲಕರಿಗಾಗಿ.

ತಲೆ ಮೇಲೆ ಸಣ್ಣ ಅಂಕಿ ಬರೆಯುವ ಈ ಪದ್ಧತಿ ಬಹಳ ಹಳೆಯದೇನಲ್ಲ. ನಾವು ಈಗ ಬರೆಯುವ ರೀತಿ ನೆಲೆಯಾದದ್ದು ಫ್ರಾನ್ಸಿನ ದೆಕಾರ್ತ್ 1637ರಲ್ಲಿ ಅಚ್ಚು ಹಾಕಿಸಿದ ಜ್ಯಾಮಿತಿಯ ಪುಸ್ತಕದಿಂದ. ತಮಾಷೆ ಏನೆಂದರೆ, ಅವನೂ ವರ್ಗಕ್ಕೆ ಹೆಚ್ಚಾಗಿ ಅಕ್ಷರವನ್ನೇ ಎರಡು ಸಲ ಬರೆಯುತ್ತಿದ್ದ. ಎರಡು ಸಲ ಬರೆಯುವುದೂ ಒಂದೇ, ಸಣ್ಣ ಅಂಕಿ ಹಾಕುವುದೂ ಒಂದೇ, ಜಾಗ ಏನೂ ಉಳಿಯಲ್ಲ. 1637ರಲ್ಲಿ ಇಲ್ಲಿ ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆ. ಅದೇ ದೊರೆ ಗೋಳಗುಮ್ಮಟದ ಕೆಳಗೆ ಮಲಗಿದ್ದಾನೆ. ಅವನು ತೀರಿಕೊಂಡಿದ್ದು 1656ರಲ್ಲಿ. ಅದೇ 1656ರ ಇಸವಿ ಹೊತ್ತ ಇಂಗ್ಲೆಂಡಿನ ಜಾನ್ ವಾಲಿಸನ ಪುಸ್ತಕದಲ್ಲಿ ಋಣ ಘಾತ, ಭಿನ್ನ ಘಾತಗಳ ವಿಚಾರ ಬೆಳೆಯಿತು. ಅಂದರೆ ಈ ಸಣ್ಣ ಅಂಕಿಗೂ ನಮ್ಮ ಗುಮ್ಮಟಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅದಕ್ಕೂ ಮೊದಲು ದೊಡ್ಡ ದೊಡ್ಡ ಪಂಡಿತರು ಇದನ್ನು ಮಾತಿನಲ್ಲೇ ಬರೆದು ಒದ್ದಾಡಿದ್ದಾರೆ. 1557ರಲ್ಲಿ ಸಮ ಚಿಹ್ನೆಯನ್ನು ಕೊಟ್ಟ ರಾಬರ್ಟ್ ರೆಕಾರ್ಡ್ ಎಂಟನೇ ಘಾತಕ್ಕೆ ಬಳಸಿದ ಹೆಸರು ಕೇಳಿ: ಝೆಂಜಿಝೆಂಜಿಝೆಂಜಿಕ್. ಮಕ್ಕಳೇ, ಇನ್ನೊಮ್ಮೆ ಹೇಳಲಾ? ವರ್ಗದ ವರ್ಗದ ವರ್ಗ ಅಂತ ಅಷ್ಟೇ.

ನಮ್ಮಲ್ಲಿ ಏನಿತ್ತು? ಇದು ನನಗೆ ಬಹಳ ಇಷ್ಟದ ಭಾಗ, ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಹಳೆಯ ಗಣಿತದಲ್ಲಿ ಎರಡನೇ ಘಾತಕ್ಕೆ ವರ್ಗ, ಮೂರಕ್ಕೆ ಘನ. ನಾಲ್ಕಕ್ಕೆ ವರ್ಗವರ್ಗ. ಆರಕ್ಕೆ ಘನವರ್ಗ, ಘನವನ್ನು ವರ್ಗ ಮಾಡಿದ್ದು. ಮೂರೆರಡಲ ಆರು. ಐದಕ್ಕೆ ಏನು ಮಾಡುವುದು? ಐದು ಎರಡರ ಮಗ್ಗಿಯಲ್ಲೂ ಸಿಗಲ್ಲ, ಮೂರರ ಮಗ್ಗಿಯಲ್ಲೂ ಸಿಗಲ್ಲ. ಅದಕ್ಕೆ 'ವರ್ಗಘನಘಾತ' ಅಂದರು. ಕೊನೆಯಲ್ಲಿ 'ಘಾತ' ಸೇರಿತು. ಘಾತ ಅಂದರೆ ಇಲ್ಲಿ ಗುಣಲಬ್ಧ. ವರ್ಗವನ್ನೂ ಘನವನ್ನೂ ಗುಣಿಸಿದ್ದು. ಎರಡು, ಮೂರು, ಕೂಡಿದರೆ ಐದು. ಏಳಕ್ಕೆ ವರ್ಗವರ್ಗಘನಘಾತ.

ಈಗ ಬೋರ್ಡ್ ನೋಡಿ. ಯ² × ಯ³. ಇದು ವರ್ಗಘನಘಾತ, ಯ⁵. ಪಕ್ಕದಲ್ಲಿ (ಯ³)². ಇದು ಘನವರ್ಗ, ಯ⁶. ಇವತ್ತಿಗೂ ನಮ್ಮ ಮಕ್ಕಳು ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇದೇ ಎರಡರ ನಡುವೆ. ಎಲ್ಲಿ ಕೂಡಿಸಬೇಕು, ಎಲ್ಲಿ ಗುಣಿಸಬೇಕು? ಹಳಬರು ಆ ವ್ಯತ್ಯಾಸವನ್ನು ಹೆಸರಿನಲ್ಲೇ ಇಟ್ಟಿದ್ದರು. 'ಘಾತ' ಅಂತ ಬಂದರೆ ಎರಡು ಸಾಲುಗಳನ್ನು ಪಕ್ಕಪಕ್ಕ ನಿಲ್ಲಿಸಿದ್ದಾರೆ. ಬರದಿದ್ದರೆ ಇಡೀ ಸಾಲನ್ನೇ ಮತ್ತೆ ಮತ್ತೆ ನಿಲ್ಲಿಸಿದ್ದಾರೆ. ಮೂರು ಜನರ ಸಾಲು, ಅಂಥ ಎರಡು ಸಾಲು, ಆರು ಜನ. ಇಬ್ಬರ ಸಾಲಿಗೆ ಮೂವರ ಸಾಲು ಸೇರಿದರೆ ಐದು ಜನ. ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುವಾಗ ನಾವು ದಿನಾ ಮಾಡುವ ಲೆಕ್ಕವೇ.

ಬ್ರಹ್ಮಗುಪ್ತ ಇನ್ನೂ ನೇರ. ಪಂಚಗತ, ಷಡ್ಗತ ಅಂದ. ಐದಕ್ಕೆ ಹೋದದ್ದು, ಆರಕ್ಕೆ ಹೋದದ್ದು. ಸುಮ್ನೆ ಎಣಿಸಿ ಹೆಸರಿಟ್ಟ. ಏಳನೇ ಶತಮಾನದ ಮನುಷ್ಯ.

'ಘಾತ' ಅನ್ನುವ ಪದದ ಬಗ್ಗೆಯೂ ಒಂದು ಮಾತು. ನಮ್ಮ ಮಾತಿನಲ್ಲಿ ಘಾತ ಅಂದರೆ ಪೆಟ್ಟು, ಅನಾಹುತ. ಸಂಸ್ಕೃತ ಗಣಿತದಲ್ಲಿ ಗುಣಾಕಾರಕ್ಕೆ ಹನನ, ವಧ ಅಂತಲೂ ಹೆಸರಿದೆ! ಯಾಕೋ ಏನೋ, ಗುಣಾಕಾರ ಅಂದರೆ ಹೊಡೆದಾಟ ಅನ್ನಿಸಿರಬೇಕು. "ಘಾತಾಂಕ ಅಂದ್ರ ಘಾತಾ ಮಾಡೋ ಅಂಕಿ ಏನ್ರೀ?" ಅಂತ ಒಬ್ಬ ಹುಡುಗ ಕೇಳಿದ್ದ. ಅವನ ಮಾರ್ಕ್ಸ್ ನೋಡಿದರೆ ಹೌದು ಅನ್ನಬೇಕಿತ್ತು.

ಸರಿ, ಇನ್ನು ಸುಲಭರೂಪಕ್ಕೆ ತರುವ ಲೆಕ್ಕ. ಇಲ್ಲಿ ನಾನು ಮಕ್ಕಳಿಗೆ ಒಂದೇ ಪ್ರಶ್ನೆ ಕಲಿಸುತ್ತೇನೆ. ಸಣ್ಣ ಅಂಕಿ ಕಂಡ ಕೂಡಲೇ ಕೇಳು: ಯಾರ ತಲೆ ಮೇಲೆ ಕೂತಿದೆ?

3ಯ². ಯಾರ ತಲೆ ಮೇಲೆ? ಯ ತಲೆ ಮೇಲೆ. ಮೂರಕ್ಕೆ ಸಂಬಂಧ ಇಲ್ಲ. (3ಯ)². ಈಗ? ಕಂಸದ ತಲೆ ಮೇಲೆ. ಮನೆಯ ಮಾಳಿಗೆ ಮೇಲೆ ಕೂತ ಹಾಗೆ, ಒಳಗಿರುವ ಎಲ್ಲರಿಗೂ ಭಾರ. 9ಯ². ಇನ್ನು −3². ಶಿಕ್ಷಕರಲ್ಲೂ ಕೆಲವರು 9 ಅನ್ನುತ್ತೀರಿ. ಅಂಕಿ ಮೂರರ ತಲೆ ಮೇಲಿದೆ, ಋಣ ಚಿಹ್ನೆ ಹೊರಗೆ ಬಾಗಿಲಲ್ಲಿ ನಿಂತಿದೆ. −9. (−3)² ಆದರೆ ಇಬ್ಬರೂ ಒಳಗೆ, 9. 5ಯ⁰ ಎಷ್ಟು? ಒಂದು ಅಲ್ಲ, ಐದು. ಯಾರ ತಲೆ ಮೇಲೆ ಅಂತ ಕೇಳಿದ್ದರೆ ತಪ್ಪುತ್ತಿರಲಿಲ್ಲ.

ತಲೆ ಮೇಲೆ ಏನೂ ಇಲ್ಲದಿದ್ದರೆ? ಅಲ್ಲಿ ಒಂದು ಇದೆ, ನಾಚಿಕೊಂಡು ಅಡಗಿದೆ. ಸೊನ್ನೆ ಅಲ್ಲ. ಯ⁶ × ಯ ಅಂದರೆ ಯ⁷. ಯ⁶ ಅಂತ ಬರೆಯುವ ಮಕ್ಕಳು ಎಷ್ಟೊಂದು ಜನ!

ಕಂಸದೊಳಗೆ ಕೂಡುವ ಚಿಹ್ನೆ ಇದ್ದರೆ ಮಾತ್ರ ಹುಷಾರು. ಗುಣಾಕಾರದಲ್ಲಿ ಒಳಗಿರುವವರೆಲ್ಲ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ, ಕೂಡಾಟದಲ್ಲಿ ಹಾಗಿಲ್ಲ. (3 + 4)² ಅಂದರೆ ಏಳರ ವರ್ಗ, 49. ಒಂಬತ್ತು, ಹದಿನಾರು ಸೇರಿಸಿದರೆ 25. ಉಳಿದ 24 ಎಲ್ಲಿ ಹೋಯಿತು? ಅದು ಎಂಟನೇ ಕ್ಲಾಸಿನ ಕಥೆ, ಇವತ್ತು ಬಿಡುತ್ತೇನೆ.

ಫೋನಿನ ಹುಡುಗಿಯ ಯ² + ಯ³ಕ್ಕೆ ಬರೋಣ. ಅವಳಿಗೆ ನಾನು ಹೇಳಿದ್ದು ಇಷ್ಟೇ: ಯ ಜಾಗದಲ್ಲಿ ಹತ್ತು ಹಾಕಿ ನೋಡವ್ವಾ. ಹತ್ತರ ವರ್ಗ ನೂರು, ಘನ ಸಾವಿರ, ಕೂಡಿದರೆ ಸಾವಿರದ ನೂರು. ಯ⁵ ಆಗಿದ್ದರೆ? ಲಕ್ಷ. ಅಲ್ಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಅಯ್ಯ, ಎಷ್ಟೋ ಫರಕ್ ಐತ್ರಿ!" ಅಂದಳು. ನೂರು ರೂಪಾಯಿಗೂ ಸಾವಿರ ರೂಪಾಯಿಗೂ ಗಂಟು ಹಾಕಿ ಲಕ್ಷ ಮಾಡುವ ಹಾಗಿದ್ದರೆ ನಾವು ಯಾರೂ ಇಲ್ಲಿ ಕೂತಿರುತ್ತಿರಲಿಲ್ಲ. ಯ² + ಯ³ ಅನ್ನುವುದನ್ನು ಹಾಗೇ ಬಿಡಬೇಕು. ಬಿಡುವುದೂ ಒಂದು ಉತ್ತರ ಅಂತ ಮಕ್ಕಳಿಗೆ ನಂಬಿಕೆ ಬರುವುದು ಕಷ್ಟ. ಲೆಕ್ಕ ಅಂದರೆ ಏನಾದರೂ ಮಾಡಲೇಬೇಕು ಅಂದುಕೊಂಡಿರುತ್ತವೆ.

ಈ ಹತ್ತು ಹಾಕುವ ಉಪಾಯ ಎಲ್ಲ ಕಡೆ ನಡೆಯುತ್ತೆ. ಘಾತಾಂಕ ಸೊನ್ನೆಗಳಾಗಿ ಕಣ್ಣಿಗೆ ಕಾಣುತ್ತೆ. ಒಂದು ಹಾಕಬೇಡಿ. ಒಂದರ ಎಲ್ಲ ಘಾತವೂ ಒಂದೇ, ಕಳ್ಳನೂ ಪಾಸು, ಸಾಧುವೂ ಪಾಸು. ಎರಡು ಯಾಕೆ ಬೇಡ ಅಂತ ಆಗಲೇ ಹೇಳಿದೆ.

ಒಂದು ದೊಡ್ಡ ಲೆಕ್ಕ ಮಾಡಿಬಿಡೋಣ. ಮೇಲೆ (2ಯ³ಕ)² × 3ಯಕ⁴, ಕೆಳಗೆ 6ಯ²ಕ³. ಕಂಸದ ತಲೆ ಮೇಲೆ ಎರಡು ಇದೆ, ಒಳಗಿರುವುದನ್ನೆಲ್ಲ ಎರಡು ಸಲ ನಿಲ್ಲಿಸಿ. 4ಯ⁶ಕ². ಅದಕ್ಕೆ 3ಯಕ⁴ ಗುಣಿಸಿ. ದೊಡ್ಡ ಅಂಕಿ ಬೇರೆ, ಯ ಬೇರೆ, ಕ ಬೇರೆ. ಸಂತೆಯಲ್ಲಿ ಉಳ್ಳಾಗಡ್ಡಿ ಬೇರೆ ಚೀಲಕ್ಕೆ, ಮೆಣಸಿನಕಾಯಿ ಬೇರೆ ಚೀಲಕ್ಕೆ ಹಾಕುತ್ತೀರಲ್ಲ, ಹಾಗೆ. ನಾಲ್ಕಮೂರಲ ಹನ್ನೆರಡು. ಯ ಆರು ಮತ್ತು ಅಡಗಿರುವ ಒಂದು, ಏಳು. ಕ ಎರಡು ಮತ್ತು ನಾಲ್ಕು, ಆರು. 12ಯ⁷ಕ⁶. ಕೆಳಗಿನ 6ಯ²ಕ³ರಿಂದ ಭಾಗಿಸಿ. ಇಲ್ಲಿ ಏಳನ್ನು ಎರಡರಿಂದ ಭಾಗಿಸಲು ಹೊರಡುತ್ತಾರೆ. ಬೇಡ. ಮೇಲೆ ಏಳು ಯ ನಿಂತಿವೆ, ಕೆಳಗೆ ಎರಡು. ಕೆಳಗಿನ ಇಬ್ಬರು ಮೇಲಿನ ಇಬ್ಬರನ್ನು ಕರೆದುಕೊಂಡು ಹೋಗುತ್ತಾರೆ. ಉಳಿದದ್ದು ಐದು. ಕ ಮೂರು. ದೊಡ್ಡ ಅಂಕಿಗಳು ಮಾತ್ರ ನಿಜವಾಗಿ ಭಾಗವಾಗುತ್ತವೆ, ಎರಡು. ಉತ್ತರ 2ಯ⁵ಕ³.

ಸರೀನಾ? ಮೊದಲು ಬರೀ ಯ ಪರೀಕ್ಷೆ, ಕ ಅಡ್ಡ ಬರದಿರಲಿ ಅಂತ ಅದಕ್ಕೆ ಮಾತ್ರ ಒಂದು. ಯ ಹತ್ತು, ಕ ಒಂದು ಹಾಕಿ. ಎರಡು ಸಾವಿರದ ವರ್ಗ ನಲವತ್ತು ಲಕ್ಷ. ಮೂವತ್ತರಿಂದ ಗುಣಿಸಿದರೆ ಹನ್ನೆರಡು ಕೋಟಿ. ಆರುನೂರರಿಂದ ಭಾಗಿಸಿದರೆ ಎರಡು ಲಕ್ಷ. ಎರಡು, ಮುಂದೆ ಐದು ಸೊನ್ನೆ. ಯ ತಲೆ ಮೇಲಿನ ಐದು ಬಂತು. ಕ ಹತ್ತು, ಯ ಒಂದು ಹಾಕಿ ಮನೆಯಲ್ಲಿ ನೋಡಿ, ಮೂರು ಸೊನ್ನೆ ಬರುತ್ತೆ.

ಇದಕ್ಕಿಂತ ದೊಡ್ಡ ಲೆಕ್ಕ ಏಳನೇ ಕ್ಲಾಸಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಂಸದೊಳಗೆ ಕಂಸ, ಅದರೊಳಗೆ ಇನ್ನೊಂದು, ಮೇಲೆ ಋಣ ಘಾತ. ಅಂಥ ರಾಕ್ಷಸ ಲೆಕ್ಕಗಳು ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಸಂತೋಷ ಕೊಡುತ್ತವೆ, ಅಷ್ಟೇ.

ಅದರ ಬದಲು ಪೇಪರ್ ಓದಿಸಿ. ಮಳೆಗಾಲದಲ್ಲಿ ನಮ್ಮ ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆಯ ಪೇಪರಿನಲ್ಲಿ ದಿನಾ ಆಲಮಟ್ಟಿ ಡ್ಯಾಮಿನ ಸುದ್ದಿ. ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ. ಟಿಎಂಸಿ ಅಂದರೆ ಸಾವಿರ ಮಿಲಿಯನ್ ಘನ ಅಡಿ. ಸಾವಿರ 10³, ಮಿಲಿಯನ್ 10⁶. ಗುಣಿಸಿದರೆ 10⁹, ನೂರು ಕೋಟಿ. ಕೊನೆಯಲ್ಲಿ 'ಘನ ಅಡಿ' ಇದೆಯಲ್ಲ, ಅಲ್ಲೂ ಅಡಿಯ ತಲೆ ಮೇಲೆ ಮೂರು ಕೂತಿದೆ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಹಾಗಾದರೆ ಒಂದು ಟಿಎಂಸಿ 2.83 × 10¹⁰ ಲೀಟರ್, ಎರಡು ಸಾವಿರದ ಎಂಟುನೂರು ಕೋಟಿ ಲೀಟರಿನ ಮೇಲೆ. ಆಲಮಟ್ಟಿ ಜಲಾಶಯ 519.60 ಮೀಟರ್ ತುಂಬಿದಾಗ ಹಿಡಿಯುವುದು 123 ಟಿಎಂಸಿ.

ಈಗ ನಿಜವಾದ ಪ್ರಶ್ನೆ. ಒಂದು ಲಕ್ಷ ಕ್ಯೂಸೆಕ್ ಒಳಹರಿವು ಇದ್ದರೆ ದಿನಕ್ಕೆ ಎಷ್ಟು ಟಿಎಂಸಿ ಬರುತ್ತೆ? ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು, ಅಂದರೆ 8.64 × 10⁴. ಲಕ್ಷ 10⁵. ಗುಣಿಸಿ: 8.64 × 10⁹ ಘನ ಅಡಿ. 10⁹ಕ್ಕೇ ತಾನೇ ಟಿಎಂಸಿ ಅನ್ನುವುದು? 8.64 ಟಿಎಂಸಿ. ಕಾಗದ ಬೇಡ, ಪೆನ್ನು ಬೇಡ. ಐದು, ನಾಲ್ಕು, ಒಂಬತ್ತು ಅಂತ ಕೂಡಿದ್ದೇ ಕೆಲಸ. ಬರಿದಾದ ಡ್ಯಾಮು ಹೀಗೇ ತುಂಬುತ್ತಾ ಹೋದರೆ, ಒಂದು ಹನಿಯೂ ಹೊರಗೆ ಬಿಡದಿದ್ದರೆ, ಹದಿನಾಲ್ಕು ದಿನದ ಮೇಲೆ ಸ್ವಲ್ಪ. ಇದನ್ನು ಒಮ್ಮೆ ಕಲಿತ ಹುಡುಗ ಮನೆಯಲ್ಲಿ ಅಪ್ಪನಿಗೆ ಪೇಪರ್ ಓದಿ ಹೇಳುತ್ತಾನೆ. ನದಿ ದಂಡೆಯ ಊರಿನ ಅಪ್ಪನಿಗೆ ಇದು ಬರೀ ಗಣಿತ ಅಲ್ಲ.

ನನ್ನ ಮಾತು ಮುಗಿಯಿತು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಬರೆಯುತ್ತೇನೆ.

ಒಬ್ಬ ಶಿಕ್ಷಕಿ ಕೇಳಿದರು, ಸೊನ್ನೆಯ ಘಾತ ಸೊನ್ನೆ ಆದರೆ? ಕಾಗದ ಅಲ್ಲಿಗೆ ನಮ್ಮನ್ನು ಕರೆದುಕೊಂಡು ಹೋಗಲ್ಲ. ಯ⁰ ಒಂದು ಅನ್ನುವುದು ಭಾಗಾಕಾರದಿಂದ ಬಂದದ್ದು, ಯ³ ÷ ಯ³. ಯ ಸೊನ್ನೆ ಆದರೆ ಸೊನ್ನೆಯಿಂದ ಭಾಗಿಸಿದ ಹಾಗಾಯಿತು. ಅದಕ್ಕೇ ಪುಸ್ತಕದಲ್ಲಿ ಆಧಾರ ಸೊನ್ನೆ ಆಗಿರಬಾರದು ಅಂತ ಒಂದು ಸಾಲು ಇರುತ್ತೆ. ನಾವು ಓದದೇ ದಾಟುವ ಸಾಲು ಅದು.

ಎರಡನೆಯದು ಹಿಂದಿನ ಸಾಲಿನ ಒಬ್ಬ ಹುಡುಗನದು. ಕೈಯಲ್ಲಿ ಇನ್ನೂ ಆ ಮಡಚಿದ ಪೇಪರ್ ಇತ್ತು. "ಸರ್, ಗೋಳಗುಮ್ಮಟದಷ್ಟು ಎತ್ತರ ಆಗಾಕ ಎಷ್ಟ್ ಸಲ ಮಡಚಬೇಕ್ರಿ?"

ಇಡೀ ಸಭೆಯೇ ಲೆಕ್ಕಕ್ಕೆ ಕೂತಿತು. ಗುಮ್ಮಟ ಸುಮಾರು 51 ಮೀಟರ್. ನೋಟ್‌ಬುಕ್ಕಿನ ಒಂದು ಹಾಳೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಅಂತ ಹಿಡಿಯೋಣ, 10⁻⁴ ಮೀಟರ್. ಸಾವಿರ ಸಲ ಅಂದ ಒಬ್ಬ. ಇನ್ನೊಬ್ಬಳು ಲಕ್ಷ ಅಂದಳು. 2¹⁰ ಎಷ್ಟು? 1024. 2⁹? 512. ಎರಡನ್ನೂ ಗುಣಿಸಿದರೆ 2¹⁹, ಐದು ಲಕ್ಷದ ಇಪ್ಪತ್ನಾಲ್ಕು ಸಾವಿರದ ಚಿಲ್ಲರೆ ಪದರ. 10⁻⁴ರಿಂದ ಗುಣಿಸಿದರೆ 52.4 ಮೀಟರ್. ಹತ್ತೊಂಬತ್ತೇ ಸಲ. ಹದಿನೆಂಟಕ್ಕೆ ಗುಮ್ಮಟದ ಅರ್ಧಕ್ಕೆ ಬಂದಿರುತ್ತೇವೆ, ಇನ್ನೊಂದೇ ಮಡಿಕೆ, ತುದಿ ದಾಟುತ್ತೆ.

ಹುಡುಗ ಕೈಯಲ್ಲಿದ್ದ ಗಂಟನ್ನು ತಿರುಗಿಸಿ ನೋಡಿದ. "ಹತ್ತೊಂಬತ್ತನ್ರೀ? ಆರಕ್ಕ ಕೈ ಸೋತ್ವಲ್ರೀ ಸರ್" ಅಂದ.